ತಂಪಾದ ಮನೆ ಬೇಕೆ? ಕಟ್ಟುವವರನ್ನು ಹೀಗೆ ಆರಿಸಿ

ಏಪ್ರಿಲ್ ಕೊನೆಯ ವಾರದ ಒಂದು ರಾತ್ರಿ ಒಂಬತ್ತು ಗಂಟೆಗೆ ಅಂಕೋಲೆಯ ನನ್ನ ಮನೆಯಲ್ಲಿ ಸ್ಟೂಲು ಹತ್ತಿ, ಮಲಗುವ ಕೋಣೆಯ ತಾರಸಿಗೆ ಅಂಗೈ ಒತ್ತಿದೆ. ದೋಸೆ ಹೊಯ್ದು ಮುಗಿಸಿ ಆರಲು ಬಿಟ್ಟ ಕಾವಲಿಯ ಹಾಗೆ ಬೆಚ್ಚಗಿತ್ತು. ಹೊರಗೆ ತೆಂಗಿನ ಗರಿಗಳು ಅಲ್ಲಾಡುತ್ತಿದ್ದವು, ಒಳಗೆ ಫ್ಯಾನು ಬಿಸಿಯನ್ನೇ ಕೆಳಕ್ಕೆ ದೂಡುತ್ತಿತ್ತು. ಮನೆ ಕಟ್ಟಿಕೊಟ್ಟ ಗುತ್ತಿಗೆದಾರರು ಬಂದು ನೋಡಿ, ‘ಒಂದು ಎ.ಸಿ. ಹಾಕಿಸಿಬಿಡಿ’ ಎಂದು ಹೊರಟುಹೋದರು. ಅವರನ್ನು ಗೊತ್ತು ಮಾಡುವಾಗ ನಾನು ಕೇಳಿದ್ದು ಚದರ ಅಡಿಯ ದರವೊಂದನ್ನೇ. ಉಳಿದ ಪ್ರಶ್ನೆಗಳು ಹೊಳೆದದ್ದು ಆ ಸ್ಟೂಲಿನ ಮೇಲೆ.

ಹೆಸರಿಗೆ ಮರುಳಾಗುವ ಮುನ್ನ

ತಂಪಾದ ಮನೆ ಕಟ್ಟುತ್ತೇವೆ ಎನ್ನುವವರು ‘ಪ್ಯಾಸಿವ್ ಹೌಸ್’ ಎಂಬ ಹೆಸರು ಹೇಳಬಹುದು. ಹೀಟರು, ಎ.ಸಿ.ಗಳ ಹಂಗು ಆದಷ್ಟು ಕಡಿಮೆಯಿರುವ ಮನೆ ಎಂದು ಅದರರ್ಥ. ಆ ಹೆಸರಿನ ತವರು ಜರ್ಮನಿ. ಅಲ್ಲಿನ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಸಿದ್ಧವಾದ ಮನೆಗಳು ಮೊದಲ ಮಾದರಿ. ದಪ್ಪ ಹೊದಿಕೆಯ ಗೋಡೆ, ಮೂರು ಪದರದ ಗಾಜು, ಸಂದುಗೊಂದಿನಲ್ಲೂ ಗಾಳಿ ಸೋರದ ಕಟ್ಟಡ. ಅಲ್ಲಿನ ಲೆಕ್ಕದಂತೆ ಮನೆ ಬೆಚ್ಚಗಿಡಲು ವರ್ಷಕ್ಕೆ ಚದರ ಮೀಟರಿಗೆ 15 ಯೂನಿಟ್‌ಗಿಂತ ಹೆಚ್ಚು ಶಾಖ ಬೇಕಾಗಬಾರದು. ನಮ್ಮ ಕರಾವಳಿಯಲ್ಲಿ ಮನೆ ಬೆಚ್ಚಗಿಡುವ ಚಿಂತೆ ಯಾರಿಗಿದೆ? ಹಗಲೂ ರಾತ್ರಿ ಎ.ಸಿ. ಓಡಿಸುವವರಾದರೆ ಗಾಳಿ ಸೋರದ ಗೋಡೆಗೆ ದುಡ್ಡು ಹಾಕಬಹುದು. ಕಿಟಕಿ ತೆರೆದು ಮಲಗುವವರಿಗೆ ಬೇಕಾದದ್ದು ನೆರಳು, ಎದುರುಬದುರು ಗಾಳಿ ಮತ್ತು ಬಿಸಿಲು ಕುಡಿಯದ ಮಾಡು. ನೀವು ಎ.ಸಿ. ಬಳಸುತ್ತೀರೋ ಇಲ್ಲವೋ ಎಂದು ಕೇಳದೆಯೇ ಗಾಜಿನ ಪದರಗಳ ಬಗ್ಗೆ ಮಾತು ಶುರು ಮಾಡುವವರಿಗೆ ಚಹಾ ಕೊಟ್ಟು ಕಳಿಸಿ.

ಕಟ್ಟಿದ ಮನೆ ನೋಡಿ, ಹೊತ್ತು ನೋಡಿ ಹೋಗಿ

ಗೃಹಪ್ರವೇಶದ ಫೋಟೋಗಳು ಏನನ್ನೂ ಹೇಳುವುದಿಲ್ಲ. ಅವರು ಕಟ್ಟಿದ, ಕನಿಷ್ಠ ಎರಡು ಮಳೆಗಾಲ ಕಂಡ ಮನೆಯ ವಿಳಾಸ ಕೇಳಿ. ಅಲ್ಲಿಗೆ ಬೇಸಿಗೆಯಲ್ಲಿ ಒಮ್ಮೆ, ಕತ್ತಲಾದ ಮೇಲೆ ಹೋಗಿ. ಹಗಲಿಡೀ ಬಿಸಿಲು ನುಂಗಿದ ಕಾಂಕ್ರೀಟು ಅದನ್ನು ಕಕ್ಕುವುದು ಆಗಲೇ. ಮತ್ತೊಮ್ಮೆ ಜುಲೈ ಮಳೆಯಲ್ಲಿ ಹೋಗಿ ಪಡುವಣ ಗೋಡೆಯ ಒಳಮೈ ಸವರಿ. ಸಾಧ್ಯವಾದರೆ ಗೋಡೆಗೆ ಆನಿಸಿಟ್ಟ ಕಪಾಟಿನ ಬಾಗಿಲು ತೆಗೆದು ಮೂಸಿ. ಮನೆಯೊಡತಿಯನ್ನು ಒಂದೇ ಮಾತು ಕೇಳಿ: ‘ಮೇ ತಿಂಗಳಲ್ಲಿ ಎಲ್ಲಿ ಮಲಗುತ್ತೀರಿ, ಅಕ್ಕಾ?’ ಜಗುಲಿ ಎಂಬ ಉತ್ತರ ಬಂದರೆ ಆ ಗುತ್ತಿಗೆದಾರರ ಬಗ್ಗೆ ಮತ್ತೆ ವಿಚಾರಿಸುವುದು ಬೇಡ.

ಶಿರಸಿಯಲ್ಲಿ ಒಳ್ಳೆಯ ಮನೆ ಕಟ್ಟಿದವರು ಕಾರವಾರದಲ್ಲೂ ಕಟ್ಟುತ್ತಾರೆಂಬ ಭರವಸೆಯಿಲ್ಲ. ಘಟ್ಟದ ಮೇಲೆ ಕಡಲ ಗಾಳಿಯೂ ಇಲ್ಲ, ಉಪ್ಪಿನ ಕಾಟವೂ ಇಲ್ಲ. ಅಲ್ಲಿನ ತಲೆಬಿಸಿ ಮಳೆಗಾಲದ ಬೂಷ್ಟು, ಚಳಿಗಾಲದ ರಾತ್ರಿ.

ಜಾಗಕ್ಕೆ ಕರೆತಂದು ಮೂರು ಪ್ರಶ್ನೆ

ನಕ್ಷೆ ಬರೆಸುವ ಮೊದಲು ಅವರನ್ನು ಜಾಗದಲ್ಲೇ ನಿಲ್ಲಿಸಿ ಮಾತನಾಡಿ. (ಕಡಲು, ಹಿನ್ನೀರು ಹತ್ತಿರವಿದ್ದರೆ ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ ಮಿತಿಯನ್ನು ಅದಕ್ಕೂ ಮೊದಲೇ ವಿಚಾರಿಸಿಕೊಂಡಿರಿ.)

ಮೊದಲ ಪ್ರಶ್ನೆ ಪಡುವಣ ದಿಕ್ಕಿನದು. ಮಧ್ಯಾಹ್ನದ ಕಡಲ ಗಾಳಿ ಬರುವುದು ಅಲ್ಲಿಂದ, ಇಳಿಬಿಸಿಲು ಬಡಿಯುವುದು ಅಲ್ಲಿಂದ, ಮಳೆಯ ಎರಚಲು ಹೊಡೆಯುವುದೂ ಅಲ್ಲಿಂದಲೇ. ಬಿಸಿಲಿಗೆ ಹೆದರಿ ಕಿಟಕಿಯನ್ನೇ ಇಡದವರು ಗಾಳಿಯನ್ನೂ ಕಳೆಯುತ್ತಾರೆ; ಕಡಲು ಕಾಣಲಿ ಎಂದು ಗಾಜಿನ ಗೋಡೆ ನಿಲ್ಲಿಸುವವರು ಕುಲುಮೆ ಕಟ್ಟಿಕೊಡುತ್ತಾರೆ. ನಮ್ಮ ಹಿರಿಯರು ಅಗಲ ಜಗುಲಿ ಬಿಟ್ಟು, ಮಾಡನ್ನು ಕೆಳಕ್ಕೆ ಇಳಿಸಿ, ಮಳೆಗಾಲಕ್ಕೆ ತೆಂಗಿನ ಗರಿಯ ತಟ್ಟಿ ಕಟ್ಟುತ್ತಿದ್ದರು. ಇವತ್ತಿನವರು ಮೆಟ್ಟಿಲು, ಬಚ್ಚಲು, ಉಗ್ರಾಣಗಳನ್ನು ಆ ಕಡೆಗೆ ತಳ್ಳಿ, ನಡುವೆ ಗಾಳಿಗೊಂದು ದಾರಿ ಬಿಡಬಹುದು, ಎದುರಿನ ಗೋಡೆಯಲ್ಲಿ ಅದು ಹೊರಹೋಗಲು ಕಿಟಕಿ ಇಡಬಹುದು. ಉತ್ತರ ಯಾವುದೇ ಇರಲಿ, ಈ ಮೂರನ್ನೂ ಒಟ್ಟಿಗೆ ಯೋಚಿಸಿದ್ದಾರೆಯೇ ಎಂಬುದನ್ನು ಗಮನಿಸಿ.

ಎರಡನೆಯದು ಪರೀಕ್ಷೆಗೆಂದೇ ಕೇಳುವ ಪ್ರಶ್ನೆ: ‘ಬಡಗಣ ಕಿಟಕಿಗೆ ಸಜ್ಜಾ ಬೇಕೆ?’ ‘ಬೇಡ, ಆ ಕಡೆ ಬಿಸಿಲೇ ಬೀಳುವುದಿಲ್ಲ’ ಎಂದರೆ ಅವರು ಆಕಾಶ ನೋಡಿಲ್ಲ. ಕಾರವಾರ ಇರುವುದು ಸುಮಾರು 15 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಸರಿದಿರುತ್ತಾನೆ, ಅದರಲ್ಲೂ ಮೇ ತಿಂಗಳು ಸೆಕೆಯ ತುತ್ತತುದಿ.

ಮೂರನೆಯದು ಮಾಡಿನ ಪ್ರಶ್ನೆ. ಕೇಂದ್ರದ ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ಹೊರತಂದ ‘ಇಕೊ ನಿವಾಸ್ ಸಂಹಿತಾ’ ಮಾಡಿನ ಯು-ಮೌಲ್ಯ 1.2 ಮೀರಬಾರದು ಎನ್ನುತ್ತದೆ. ಬಿಸಿ ಎಷ್ಟು ಸುಲಭವಾಗಿ ದಾಟುತ್ತದೆ ಎಂಬ ಅಳತೆ ಅದು, ಕಡಿಮೆಯಿದ್ದಷ್ಟೂ ಒಳ್ಳೆಯದು. ಬರಿಯ ಐದಿಂಚಿನ ಸ್ಲ್ಯಾಬು 3ನ್ನು ದಾಟುತ್ತದೆ. ‘ನಿಮ್ಮ ಮಾಡಿನದು ಎಷ್ಟು?’ ಎಂದು ಕೇಳಿ. ಸಂಖ್ಯೆ ಗೊತ್ತಿಲ್ಲದಿದ್ದರೂ ತಪ್ಪಿಲ್ಲ, ಸ್ಲ್ಯಾಬಿನ ಮೇಲೆ ಏನು ಹಾಕುತ್ತೀರೆಂದು ಕೇಳಿದರೆ ತಿಳಿಯುತ್ತದೆ. ಹೊದಿಕೆಯ ಪದರವೋ, ನಡುವೆ ಜಾಗ ಬಿಟ್ಟು ಹಂಚಿನ ಮಾಡೋ ಎಂದರೆ ಮಾತು ಮುಂದುವರಿಸಿ. ಮಳೆಗೆಂದು ತಗಡು ಹಾಕುವುದಾದರೆ ಅದರ ಎರಡೂ ತುದಿ ತೆರೆದಿರಲಿ. ಸುತ್ತಲೂ ಮುಚ್ಚಿದ ತಗಡಿನಡಿ ಹಪ್ಪಳ ಒಣಗಿಸಬಹುದು, ಕೆಳಗೆ ಮಲಗಲಾಗದು.

ಕಲ್ಲು, ಮರಳು, ಕಬ್ಬಿಣ

ಚಿರೇಕಲ್ಲಿನ ಗೋಡೆಯಾದರೆ ಕಲ್ಲನ್ನು ನೀವೇ ಪರೀಕ್ಷಿಸಬಹುದು. ಚೆನ್ನಾಗಿ ಒಣಗಿದ ಕಲ್ಲನ್ನು ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ತೂಗಿ. ಭಾರತೀಯ ಮಾನಕದ ಪ್ರಕಾರ ಅದು ಹೀರುವ ನೀರು ತೂಕದ ಶೇ 12ನ್ನು ಮೀರಬಾರದು. 30 ಕಿಲೊದ ಕಲ್ಲು 33 ಕಿಲೊ 600 ಗ್ರಾಂ ದಾಟಿದರೆ ಆ ಲಾರಿಯನ್ನು ಹಿಂದಕ್ಕೆ ಕಳಿಸಿ. ಹೀಗೆ ಮಾಡುತ್ತೇನೆಂದು ಮೊದಲೇ ಹೇಳಿಡಿ. ಮುಖ ಸಿಂಡರಿಸದವರು ನಿಮ್ಮವರು.

ಮರಳು ಎಲ್ಲಿಯದೆಂದು ಕೇಳಿ. ಅಳಿವೆಯ ಉಪ್ಪು ಮರಳು ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಸರಳು ಕಾಂಕ್ರೀಟಿನ ಅಂಚಿಗೆ ತಾಗದಂತೆ ಅದರಡಿ ಇಡುವ ಪುಟ್ಟ ತುಂಡು, ಕವರ್ ಬ್ಲಾಕ್, ಇಡದೆ ಜಲ್ಲಿಚೂರು ಸಿಕ್ಕಿಸುವುದನ್ನು ಅವರ ಈಗಿನ ಕೆಲಸದಲ್ಲಿ ಕಂಡರೆ ಅಲ್ಲಿಂದಲೇ ಮರಳಿ.

ಕಾಗದ ಮತ್ತು ಹಣ

ಮಾತನಾಡುವುದು ಗುತ್ತಿಗೆದಾರರು, ಕಟ್ಟುವುದು ಮೇಸ್ತ್ರಿ. ಆದ್ದರಿಂದ ನಿಮ್ಮ ಕೆಲಸಕ್ಕೆ ಬರುವ ಮೇಸ್ತ್ರಿಯನ್ನು ಮೊದಲೇ ಭೇಟಿಯಾಗಿ, ಅವರ ಹೆಸರೂ ಕರಾರಿನಲ್ಲಿರಲಿ. ಮಾಡಿನ ಪದರಗಳು, ಸಜ್ಜಾದ ಅಗಲ, ಕಿಟಕಿಯ ಅಳತೆ ಎಲ್ಲವೂ ಬರಹದಲ್ಲಿ ಬೇಕು. ‘ಉತ್ತಮ ಗುಣಮಟ್ಟ’ ಎಂಬ ಸಾಲನ್ನು ಹೊಡೆದುಹಾಕಿ. ಹಣವನ್ನು ಹಂತಹಂತವಾಗಿ ಕೊಡಿ, ಶೇ 5ನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವ ಷರತ್ತು ಹಾಕಿ.

ನನ್ನ ತಾರಸಿಯ ಮೇಲೆ ಹಂಚಿನ ಮಾಡು ಎಬ್ಬಿಸಿ, ಪಡುವಣ ಕಿಟಕಿಗಳ ಸಜ್ಜಾ ಅಗಲ ಮಾಡಿಕೊಟ್ಟವರು ಬೇರೊಬ್ಬ ಮೇಸ್ತ್ರಿ. ಈ ಷರತ್ತಿಗೆ ನಕ್ಕು ಒಪ್ಪಿಕೊಂಡಿದ್ದರು. ಜುಲೈನಲ್ಲಿ ಮಳೆ ಹುಯ್ಯುತ್ತಿದ್ದಾಗ ಕರೆಯದೆಯೇ ಕೊಡೆ ಹಿಡಿದು ಬಂದರು. ನನ್ನ ಕಣ್ಣಿಗೆ ಬೀಳದಿದ್ದ ಅಂಗೈಯಷ್ಟು ಒದ್ದೆಯನ್ನು ಕಿಟಕಿಯ ಮೇಲ್ಗಡೆ ತೋರಿಸಿ, ‘ಸಜ್ಜಾದಡಿ ನೀರು ತೊಟ್ಟಿಕ್ಕಿಸುವ ಗೀರು ಹಾಕುವುದು ಮರೆತುಹೋಗಿದೆ, ನೀರು ಹಿಂದಕ್ಕೆ ಗೋಡೆಯತ್ತ ಹರಿಯುತ್ತಿದೆ’ ಎಂದರು. ಮಳೆ ಬಿಡುವು ಕೊಟ್ಟ ದಿನ ಬಂದು, ಅಂಚಿನ ಅಡಿಯಲ್ಲಿ ಉದ್ದಕ್ಕೂ ಬೆರಳು ದಪ್ಪದ ಗೀರು ಕೊರೆದುಹೋದರು. ಚೌತಿಯ ಹೊತ್ತಿಗೆ ಗೋಡೆ ಒಣಗಿತ್ತು, ಉಳಿಸಿಕೊಂಡಿದ್ದ ಹಣ ಅವರ ಕೈಸೇರಿತು.