ಗಂಗಾ ನಾಲೆಯ ಚರಿತ್ರೆಗಾಗಿ ನಾನು ಹಿಡಿದ ದಾರಿ

ಮೇಲ್ಗಂಗಾ ನಾಲೆಯ ಮತ್ತು ಅದರ ದಂಡೆಯ ಊರುಗಳ ಚರಿತ್ರೆ ಬರೆಯಲು ಕುಳಿತಾಗ ನಾನು ಊರುಗಳಿಂದ ಆರಂಭಿಸಲಿಲ್ಲ, ನೆಲದ ಏರಿಳಿತದಿಂದ ಆರಂಭಿಸಿದೆ. ನೀರಾವರಿ ಇಲಾಖೆಯಲ್ಲಿ ನಾಲೆಗಳ ಮಟ್ಟ ನೋಡುತ್ತಲೇ ನೌಕರಿ ಮುಗಿಸಿದವನಿಗೆ ಬೇರೆ ದಾರಿ ಹೊಳೆಯುವುದೂ ಕಷ್ಟ. ಈ ನಾಲೆ ಗಂಗೆ ಯಮುನೆಗಳ ನಡುವಿನ ದೋಆಬಿನಲ್ಲಿ ದಿಣ್ಣೆಯ ಬೆನ್ನು ಹಿಡಿದು ಸಾಗುತ್ತದೆ. ಎತ್ತರದಲ್ಲಿದ್ದರೆ ಎರಡೂ ಕಡೆಯ ಹೊಲಗಳಿಗೆ ನೀರು ತಾನಾಗಿ ಇಳಿಯುತ್ತದೆ. ಹಳೆಯ ಊರು ದಾರಿಯಲ್ಲಿ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಇಲ್ಲ. ಅಂಥ ನಾಲೆಯ ಮೇಲೆ ಹೊಸ ಊರು ಬೆಳೆಯುವುದು ಕೆಲಸ ಕಠಿಣವಾದ ಕಡೆ.

ಹಾಗಾಗಿ ನನ್ನ ಟಿಪ್ಪಣಿ ಪುಸ್ತಕದ ಎಡಬದಿಗೆ ತಳಮಟ್ಟ, ನಡುವೆ ಕಟ್ಟಡ, ಬಲಬದಿಗೆ ಊರು ಎಂದು ಬರೆದುಕೊಂಡೆ. ನಾಲೆಯನ್ನು ಯೋಜಿಸಿದ ಪ್ರಾಬಿ ಕಾಟ್ಲಿ ಸ್ವತಃ 1860ರಲ್ಲಿ ದೀರ್ಘವಾದ ವರದಿ ಪ್ರಕಟಿಸಿದ್ದರಿಂದ ಮೊದಲೆರಡು ಅಂಕಣಗಳಿಗೆ ಆಧಾರ ಗಟ್ಟಿಯಾಗಿತ್ತು. 1837-38ರ ಭೀಕರ ಬರದ ಬೆನ್ನಿಗೆ ರೂಪುಗೊಂಡ ಯೋಜನೆ ಇದು. 1842ರಲ್ಲಿ ಅಗೆತ ಆರಂಭವಾಗಿ, 1854ರ ಏಪ್ರಿಲ್ 8ರಂದು ನೀರು ಬಿಡಲಾಯಿತು.

ಕ್ಷೇತ್ರಕಾರ್ಯಕ್ಕೆ ಹೊರಡುವವರು ಕಾಲ ನೋಡಿಕೊಂಡು ಹೋಗಬೇಕು. ಪ್ರತಿ ವರ್ಷ ದಸರೆಯ ಹೊತ್ತಿಗೆ ನಾಲೆಯ ನೀರು ನಿಲ್ಲಿಸಿ, ದೀಪಾವಳಿಯವರೆಗೆ ಹೂಳು ತೆಗೆದು ದುರಸ್ತಿ ಮಾಡುತ್ತಾರೆ. ನಾನು ಹೋದದ್ದು ಆಗಲೇ. ನಾಲೆ ಗಂಗೆಯಿಂದ ಹೊರಡುವ ಹರಿದ್ವಾರದಲ್ಲಿ ಬತ್ತಿದ ತಳಕ್ಕೆ ಇಳಿದ ಜನ ಕಲ್ಲು ಸರಿಸಿ ಭಕ್ತರು ಎಸೆದ ನಾಣ್ಯಗಳನ್ನು ಹುಡುಕುತ್ತಿದ್ದರು. ಗಂಗೆಗೆ ಅಡ್ಡಕಟ್ಟೆ ಬೇಡವೆಂದು ಇಲ್ಲಿನ ಪುರೋಹಿತರು ವಿರೋಧಿಸಿದಾಗ, ನದಿ ತಡೆಯಿಲ್ಲದೆ ಹರಿಯಲು ಕಾಟ್ಲಿ ಒಂದು ತೆರಪು ಉಳಿಸಿದ. ಅದೇ ವಿವಾದ ಮತ್ತೆ ಭುಗಿಲೆದ್ದು, ಮದನ ಮೋಹನ ಮಾಲವೀಯರ ಮುಂದಾಳತ್ವದಲ್ಲಿ 1916ರ ಒಪ್ಪಂದದವರೆಗೂ ಹೋಯಿತು.

ಹರಿದ್ವಾರದಿಂದ ರೂರ್ಕಿಯವರೆಗಿನ ಸುಮಾರು ಇಪ್ಪತ್ತು ಮೈಲಿಯನ್ನು ನಾನು ಅವಸರ ಮಾಡದೆ ನಡೆದೆ. ಇಡೀ ನಾಲೆಯ ಜೀವ ಇರುವುದು ಇಲ್ಲಿ. ಶಿವಾಲಿಕ ಬೆಟ್ಟದಿಂದ ಇಳಿಯುವ ಹಳ್ಳಗಳು ವರ್ಷದ ಬಹುಪಾಲು ಬರೀ ಮರಳು, ಮಳೆಗಾಲದಲ್ಲಿ ಮಾತ್ರ ಸಿಕ್ಕಿದ್ದನ್ನೆಲ್ಲ ಕೊಚ್ಚಿಕೊಂಡು ಹೋಗುತ್ತವೆ. ನಾಲೆ ಇವನ್ನು ಅಡ್ಡಹಾಯಲೇಬೇಕು. ರಾಣಿಪುರ ಮತ್ತು ಪತ್ರಿ ಹಳ್ಳಗಳನ್ನು ನಾಲೆಯ ತಲೆಯ ಮೇಲೆ ಹಾಯಿಸಿದ್ದಾರೆ. ಧನೌರಿಯಲ್ಲಿ ರತ್ಮೌ ಹಳ್ಳ ನಾಲೆಯ ಸಮಕ್ಕೇ ಬಂದು ಒಂದು ಬದಿಯಿಂದ ಒಳಹೊಕ್ಕು, ಎದುರು ಬದಿಯ ಗೇಟುಗಳ ಮೂಲಕ ಹೊರಬೀಳುತ್ತದೆ. ಸೋಲಾನಿ ನದಿಯ ಬಳಿ ನೆಲ ತೀರಾ ತಗ್ಗಾದ್ದರಿಂದ ಅಲ್ಲಿ ನಾಲೆಯನ್ನೇ ನದಿಯ ಮೇಲೆ ಎತ್ತಿ ದಾಟಿಸಿದರು. ಒಂದೇ ತೊಡಕಿಗೆ ಇಷ್ಟು ಸಮೀಪದಲ್ಲಿ ಮೂರು ಬಗೆಯ ಪರಿಹಾರಗಳನ್ನು ನಾನು ಬೇರೆಲ್ಲೂ ಕಂಡಿಲ್ಲ.

ಸೋಲಾನಿ ಮೇಲ್ಗಾಲುವೆಗೆ ಐವತ್ತು ಅಡಿ ಅಗಲದ ಹದಿನೈದು ಕಮಾನುಗಳು. ನೀರಿಲ್ಲದಾಗ ಮೇಲೆ ನಿಂತು ನೋಡಿದರೆ ಅದರ ರಚನೆ ಬಿಡಿಸಿಟ್ಟಂತೆ ಕಾಣುತ್ತದೆ: ನಡುಗೋಡೆ ನಾಲೆಯನ್ನು ಎರಡಾಗಿ ಸೀಳಿದೆ, ಬದಿಗಳಲ್ಲಿ ತಳದವರೆಗೆ ಇಟ್ಟಿಗೆಯ ಮೆಟ್ಟಿಲುಗಳು, ಎರಡೂ ತುದಿಗಳಲ್ಲಿ ಕಾವಲಿಗೆ ಕುಳಿತ ಕಲ್ಲಿನ ಸಿಂಹಗಳು. ಎರಡು ಕಡೆಯ ಮಣ್ಣಿನ ಏರಿಗಳಿಗೆ ಪೀರಾನ್ ಕಲಿಯರ್ ಕಡೆಯಿಂದ ಮಣ್ಣು ತರಲು 1851ರ ಕೊನೆಯಲ್ಲಿ ಇಲ್ಲಿ ಉಗಿಬಂಡಿ ಓಡಿತು. ಮುಂಬೈ-ಠಾಣೆ ರೈಲಿಗೆ ಇನ್ನೂ ಒಂದು ವರ್ಷಕ್ಕಿಂತ ಹೆಚ್ಚು ಕಾಲವಿತ್ತು.

ರೂರ್ಕಿ ಪಟ್ಟಣವಾದದ್ದು ಈ ಕಮಾನುಗಳ ದೆಸೆಯಿಂದ. ಕೆಲಸಕ್ಕೆ ಕಾರ್ಖಾನೆ ಬೇಕಾಯಿತು, ಇಟ್ಟಿಗೆ ಗೂಡುಗಳು ಬೇಕಾದವು, ತರಬೇತಾದ ಕೈಗಳು ಬೇಕಾದವು. 1847ರಲ್ಲಿ ಅಲ್ಲಿ ತೆರೆದ ಎಂಜಿನಿಯರಿಂಗ್ ಕಾಲೇಜು ಈಗ ಐಐಟಿಯಾಗಿದೆ.

ರೂರ್ಕಿಯಿಂದ ಕೆಳಗೆ ನನ್ನ ಗಮನವೆಲ್ಲ ಜಲಪಾತಗಳ ಮೇಲೆ. ನೆಲದ ಇಳಿಜಾರು ನಾಲೆಗೆ ಬೇಕಾದುದಕ್ಕಿಂತ ಕಡಿದು, ಅದಕ್ಕಾಗಿ ಅಲ್ಲಲ್ಲಿ ಗಾರೆಯ ಮೆಟ್ಟಿಲಿನಂತೆ ನೀರನ್ನು ಇಳಿಸಿದ್ದಾರೆ. ನೀರು ನಯವಾಗಿ ಜಾರಲೆಂದು ಕಾಟ್ಲಿ ಅವುಗಳ ಮೈಯನ್ನು ಬಾಗಿಸಿ ಕಟ್ಟಿಸಿದ. ಜಾರಿದ ನೀರಿನ ರಭಸ ಮಾತ್ರ ಕುಗ್ಗದೆ ಮುಂದಿನ ತಳವನ್ನು ಕೊರೆಯಿತು. ನಾಲೆಗೆ ಕೊಟ್ಟ ವಾಟವೂ ಹೆಚ್ಚಾಗಿತ್ತು, ಬಹಳ ಕಾಲ ರಿಪೇರಿ ನಡೆಯಿತು. ಜಲಪಾತದ ಪಕ್ಕದಲ್ಲೇ ದೋಣಿಗಳಿಗೆ ಲಾಕ್, ಅಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟುಕಟ್ಟೆ, ಇರುವ ಕಿರುಗಾಲುವೆ, ಅದರ ಜೊತೆಗೆ ಹಿಟ್ಟಿನ ಗಿರಣಿ. ದೋಣಿ ಸಾಗಾಟ ರೈಲಿನ ಮುಂದೆ ನಿಲ್ಲಲಿಲ್ಲ.

ನಾಲೆಯನ್ನು ಹೊಗಳುವವರು ಬಿಟ್ಟುಬಿಡುವ ಸಂಗತಿಯೊಂದಿದೆ, ಅದನ್ನು ಬರೆಯದೆ ನನಗೆ ಸಮಾಧಾನವಿಲ್ಲ. ಏರಿಗಳೂ ಉಪನಾಲೆಗಳೂ ಮಳೆನೀರಿನ ಸಹಜ ಹರಿವಿಗೆ ಅಡ್ಡಬಂದು ಹಲವೆಡೆ ಹೊಲಗಳು ಜೌಗಾದವು, ಮಲೇರಿಯಾ ಹೆಚ್ಚಿತು, ನೆಲದ ಮೇಲೆ ಬಿಳಿ ಉಪ್ಪು ಎದ್ದಿತು. ಅದಕ್ಕೆ ಅಲ್ಲಿನವರು ರೇಹ್ ಎನ್ನುತ್ತಾರೆ. ನಾಲೆಯಂಚಿನ ರೈತರೊಬ್ಬರು ಅಂಥ ಮಣ್ಣನ್ನು ನನ್ನ ಅಂಗೈಗೆ ಹಾಕಿ, "ನಮ್ಮ ಅಜ್ಜನ ಕಾಲದಿಂದಲೂ ಈ ತುಂಡು ಹೀಗೇ ಇದೆ" ಎಂದರು. ಒಣಗಿದ ಹಿಟ್ಟಿನಂತೆ ಹಗುರವಾಗಿತ್ತು. ಬಸಿಗಾಲುವೆ ತೋಡುವ ಕೆಲಸವನ್ನು ಸರ್ಕಾರ ತಡವಾಗಿ ಕೈಗೆತ್ತಿಕೊಂಡಿತು.

ಅಲೀಗಢ ಜಿಲ್ಲೆಯ ನಾನೂ ಬಳಿ ನಾಲೆ ಕಾನ್ಪುರ ಮತ್ತು ಇಟಾವಾ ಕವಲುಗಳಾಗಿ ಒಡೆಯುತ್ತದೆ. ನಾಲೆಯ ಮೂಲವನ್ನು ನದಿಯ ಇನ್ನೂ ಕೆಳಭಾಗದಲ್ಲಿ ಇಡಬೇಕಿತ್ತೆಂದು ಗೋದಾವರಿಗೆ ಅಣೆಕಟ್ಟು ಕಟ್ಟಿಸಿದ ಎಂಜಿನಿಯರ್ ಆರ್ಥರ್ ಕಾಟನ್ ಕಾಟ್ಲಿಯೊಡನೆ ಬಹಿರಂಗವಾಗಿ ಜಗಳ ಕಾದಿದ್ದ. 1878ರಲ್ಲಿ ನರೋರಾದಿಂದ ಕೆಳಗಂಗಾ ನಾಲೆ ಹೊರಟಿತು. ಅದರ ಅಂಕಣಗಳನ್ನು ಈಗ ತುಂಬಿಸುತ್ತಿದ್ದೇನೆ.