ಸ್ಕ್ಯಾನ್ ಮುಗಿದ ಮೇಲೆ ಆಂಟಿವೈರಸ್ ಹೇಳುವುದನ್ನು ಓದುವ ಬಗೆ

ಬೆಳಗಾವಿಯ ಆನ್‌ಲೈನ್ ಸೆಂಟರ್, ಝೆರಾಕ್ಸ್ ಅಂಗಡಿಗಳಲ್ಲಿ ಒಂದೇ ಯುಎಸ್‌ಬಿ ಪೋರ್ಟಿಗೆ ಇಡೀ ದಿನ ಊರ ಪೆನ್‌ಡ್ರೈವ್‌ಗಳೆಲ್ಲ ಬಂದು ಹೋಗುತ್ತವೆ. ಒಬ್ಬರಿಗೆ ಉತಾರದ ಪ್ರಿಂಟ್, ಇನ್ನೊಬ್ಬರಿಗೆ ವಿಟಿಯು ಪ್ರಾಜೆಕ್ಟ್ ರಿಪೋರ್ಟ್, ಮತ್ತೊಬ್ಬರಿಗೆ ಲಗ್ನಪತ್ರಿಕೆ. ಅದೇ ಡ್ರೈವನ್ನು ಮನೆಯಲ್ಲಿ ಹಾಕಿದಾಗ ‘ಥ್ರೆಟ್ಸ್ ಫೌಂಡ್’ ಎಂದು ಬಂದರೆ ಗಾಬರಿಯಾಗಿ ಫಾರ್ಮ್ಯಾಟ್ ಹೊಡೆಸಲು ಓಡಬೇಡಿ, ಕಣ್ಣು ಮುಚ್ಚಿ ಬಟನ್ ಒತ್ತಲೂ ಬೇಡಿ. ಸಿಕ್ಕಿದ್ದರ ಹೆಸರೇನು, ಎಲ್ಲಿ ಸಿಕ್ಕಿತು, ಈಗ ಅದರ ಸ್ಥಿತಿ ಏನು ಎಂಬುದನ್ನು ಮೊದಲು ನೋಡಿ.

ವಿಂಡೋಸ್ 10 ಮತ್ತು 11ರಲ್ಲಿ ಮೈಕ್ರೋಸಾಫ್ಟ್ ಡಿಫೆಂಡರ್ ಮೊದಲೇ ಇರುತ್ತದೆ. ವಿಂಡೋಸ್ ಸೆಕ್ಯೂರಿಟಿ ತೆರೆದು, ವೈರಸ್ ಆಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗಿನ ಪ್ರೊಟೆಕ್ಷನ್ ಹಿಸ್ಟರಿಗೆ ಹೋಗಿ ಒಂದೊಂದೇ ಸಾಲನ್ನು ಒತ್ತಿ. ಬೇರೆ ಆಂಟಿವೈರಸ್ ಇದ್ದರೆ ಅದರ ರಿಪೋರ್ಟ್ಸ್ ನೋಡಿ. ಹೆಸರಿಡುವ ಪದ್ಧತಿ ಕಂಪನಿಗೊಂದು ಥರ, ಓದುವ ಕ್ರಮ ಮಾತ್ರ ಒಂದೇ.

ಟ್ರೋಜನ್:ವಿನ್32/ವಾಕಾಟ್ಯಾಕ್.ಬಿ!ಎಂಎಲ್ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಮೊದಲಿನದು ಜಾತಿ, ಆಮೇಲಿನದು ಅದು ಓಡುವ ವ್ಯವಸ್ಥೆ, ಓರೆಗೆರೆಯ ನಂತರ ಕುಟುಂಬ, ಚುಕ್ಕೆಯ ನಂತರ ತಳಿ. ಜಾತಿಯಿಂದಲೇ ಅರ್ಧ ವಿಷಯ ಗೊತ್ತಾಗುತ್ತದೆ. ಟ್ರೋಜನ್ ಎಂದರೆ ಒಳ್ಳೆಯ ಪ್ರೋಗ್ರಾಂನ ವೇಷದಲ್ಲಿ ಬರುವ ಕಳ್ಳ. ವರ್ಮ್ ತಾನಾಗಿಯೇ ಹರಡುತ್ತದೆ, ಹಾಗಾಗಿ ಮನೆಯಲ್ಲಿರುವ ಎಲ್ಲ ಪೆನ್‌ಡ್ರೈವ್‌ಗಳನ್ನೂ ನೋಡಬೇಕು. ಪಿಯುಎ ಎಂದರೆ ಜಾಹೀರಾತು, ಟೂಲ್‌ಬಾರ್ ತಂದು ಹಾಕುವ ಸಾಮಾನು, ಕಿರಿಕಿರಿಯೇ ಹೆಚ್ಚು. ಹ್ಯಾಕ್‌ಟೂಲ್ ಎಂದು ಶುರುವಾಗಿ ಆಟೊಕೆಎಂಎಸ್ ಎಂದಿದ್ದರೆ ಯಾರೋ ಪೈರೇಟೆಡ್ ವಿಂಡೋಸ್ ಅಥವಾ ಆಫೀಸ್ ಕೂರಿಸಿದ್ದಾರೆ. ರ್‍ಯಾನ್ಸಮ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ಜಾತಿ) ಎಂದಿದ್ದರೆ ಮೊದಲು ಇಂಟರ್ನೆಟ್ ಕೇಬಲ್, ವೈಫೈ, ಬ್ಯಾಕಪ್ ಡಿಸ್ಕ್ ಎಲ್ಲ ಕಿತ್ತು ಆಮೇಲೆ ಉಳಿದದ್ದನ್ನು ಓದಿ.

ಕೊನೆಯ ‘!ಎಂಎಲ್’ ಕಡೆ ಹೆಚ್ಚಿನವರ ಗಮನ ಹೋಗುವುದಿಲ್ಲ. ಅದು ಮಷಿನ್ ಲರ್ನಿಂಗ್ ಮಾಡಿದ ಊಹೆ: ಗೊತ್ತಿರುವ ವೈರಸ್ ಸಿಕ್ಕಿಲ್ಲ, ಅದರಂತೆ ಕಾಣುವ ಫೈಲ್ ಸಿಕ್ಕಿದೆ. ಊಹೆ ಬಹಳ ಸಲ ನಿಜವೇ ಆಗಿರುತ್ತದೆ. ಆದರೆ ಪೈಥಾನ್‌ನಲ್ಲಿ ಬರೆದು ಪೈಇನ್‌ಸ್ಟಾಲರ್‌ನಿಂದ ಇಎಕ್ಸ್‌ಇ ಮಾಡಿದ ಕಾಲೇಜು ಪ್ರಾಜೆಕ್ಟುಗಳೂ ಹೀಗೇ ಸಿಕ್ಕಿಬೀಳುತ್ತವೆ, ಏಕೆಂದರೆ ವೈರಸ್ ಬರೆಯುವವರೂ ಅದೇ ಸಲಕರಣೆ ಬಳಸುತ್ತಾರೆ. ಕೀಬೋರ್ಡ್ ಒತ್ತುವಿಕೆಯನ್ನು ಹಿಡಿದು ಕನ್ನಡ ಅಕ್ಷರ ಮೂಡಿಸುವ ಹಳೆಯ ತಂತ್ರಾಂಶಗಳ ಮೇಲೂ ಅನುಮಾನ ಬರಬಹುದು. ನೀವು ಒತ್ತಿದ ಕೀಲಿಗಳನ್ನು ಕದ್ದು ದಾಖಲಿಸುವ ಕೀಲಾಗರ್ ಮಾಡುವುದೂ ಅದೇ ಕೆಲಸ.

ಅನುಮಾನವಿದ್ದರೆ ಆ ಫೈಲನ್ನು ಹಲವು ಆಂಟಿವೈರಸ್ ಎಂಜಿನ್ನುಗಳಿಂದ ಪರೀಕ್ಷಿಸುವ ಜಾಲತಾಣ ವೈರಸ್‌ಟೋಟಲ್‌ಗೆ ಹಾಕಿ. ಅಲ್ಲಿ ಸುಮಾರು 70 ಎಂಜಿನ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಹೆಸರೇ ಕೇಳದ ಒಂದೆರಡು ಎಂಜಿನ್ ಮಾತ್ರ ಕೆಂಪಾಗಿದ್ದರೆ ಬಹುತೇಕ ಸುಳ್ಳು ಎಚ್ಚರಿಕೆ. 30–40 ಎಂಜಿನ್ ಒಂದೇ ಕುಟುಂಬದ ಹೆಸರು ಹೇಳಿದರೆ ವಾದ ಮುಗಿಯಿತು. ಆದರೆ ‘ಸೊನ್ನೆ’ ಬಂದದ್ದು ಖಾತ್ರಿಯಲ್ಲ, ಇವತ್ತೇ ಹುಟ್ಟಿದ ಫೈಲನ್ನು ಇನ್ನೂ ಯಾರೂ ಗುರುತಿಸಿರುವುದಿಲ್ಲ. ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಅಕೌಂಟ್ಸ್ ಡೇಟಾ ಅಲ್ಲಿಗೆ ಹಾಕಲೇಬೇಡಿ. ಹಾಕಿದ ಫೈಲ್ ಬೇರೆಯವರ ಕೈಗೂ ಸಿಗುತ್ತದೆ.

ಇನ್ನು ಜಾಗ. ‘ಅಫೆಕ್ಟೆಡ್ ಐಟಮ್ಸ್’ ಕೆಳಗೆ ಪೂರ್ತಿ ದಾರಿ ಇರುತ್ತದೆ. ಡೌನ್‌ಲೋಡ್ಸ್ ಅಥವಾ ಬ್ರೌಸರ್ ಕ್ಯಾಶ್‌ನಲ್ಲಿ ಸಿಕ್ಕಿದ್ದರೆ ಫೈಲ್ ಬಂದಿದೆ ಅಷ್ಟೇ, ಓಡಿರಲಿಕ್ಕಿಲ್ಲ. ಆಪ್‌ಡೇಟಾ ಒಳಗಿನ ರೋಮಿಂಗ್, ಸ್ಟಾರ್ಟಪ್ ಫೋಲ್ಡರ್ ಅಥವಾ ಪ್ರೋಗ್ರಾಂಗಳನ್ನು ಗೊತ್ತಾದ ಹೊತ್ತಿಗೆ ತಾನಾಗಿ ಓಡಿಸುವ ಟಾಸ್ಕ್ ಶೆಡ್ಯೂಲರ್‌ನಲ್ಲಿ ಸಿಕ್ಕಿದ್ದರೆ ಅದು ಆಗಲೇ ಓಡಿ ಮನೆ ಮಾಡಿಕೊಂಡಿದೆ ಎಂದೇ ತಿಳಿಯಿರಿ. ಜಿಪ್ ಒಳಗೆ ಸಿಕ್ಕಿದ್ದನ್ನು ಡಿಫೆಂಡರ್‌ಗೆ ಕೆಲವೊಮ್ಮೆ ತೆಗೆಯಲಾಗದೆ ‘ರೆಮಿಡಿಯೇಶನ್ ಇನ್‌ಕಂಪ್ಲೀಟ್’ ಎಂದು ಬಿಡುತ್ತದೆ. ಆ ಜಿಪ್ಪನ್ನೇ ಕೈಯಾರೆ ಅಳಿಸಿ.

‘ಕ್ವಾರಂಟೈನ್ಡ್’ ಎಂದಿದ್ದರೆ ಫೈಲ್ ಬಂಧನದಲ್ಲಿದೆ, ಓಡಲಾರದು. ‘ಅಲೌಡ್’ ಎಂದಿದ್ದರೆ ಯಾರೋ ಒಪ್ಪಿಗೆ ಕೊಟ್ಟಿದ್ದಾರೆ. ಹಿಸ್ಟರಿ ಎಂಬುದು ದಾಖಲೆ ಪುಸ್ತಕ. ಹಳೆಯ ನಮೂದು ಉಳಿದಿದ್ದರೆ ವೈರಸ್ ಉಳಿದಿದೆ ಎಂದಲ್ಲ. ಆದರೆ ಅದೇ ಫೈಲ್, ಅದೇ ಜಾಗ, ದಿನಾಂಕ ಮಾತ್ರ ಹೊಸದಾಗಿ ಬರುತ್ತಿದ್ದರೆ ಅದನ್ನು ಮತ್ತೆ ಮತ್ತೆ ತಂದಿಡುವ ಇನ್ನೊಂದು ಪ್ರೋಗ್ರಾಂ ಒಳಗಿದೆ. ಅದನ್ನು ಟಾಸ್ಕ್ ಶೆಡ್ಯೂಲರ್‌ನಲ್ಲಿ ಹುಡುಕಿ.

ಮತ್ತೆ ಸ್ಕ್ಯಾನ್ ಶುರು ಮಾಡುವ ಮುನ್ನ ಮ್ಯಾನೇಜ್ ಸೆಟ್ಟಿಂಗ್ಸ್ ಕೆಳಗಿನ ಎಕ್ಸ್‌ಕ್ಲೂಶನ್ಸ್ ನೋಡಲೇಬೇಕು, ಅದು ಸ್ಕ್ಯಾನ್ ಮುಟ್ಟದ ಜಾಗಗಳ ಪಟ್ಟಿ. ಪೈರೇಟೆಡ್ ವಿಂಡೋಸನ್ನು ಅಸಲಿಯಂತೆ ತೋರಿಸುವ ಆಕ್ಟಿವೇಟರ್ ಓಡಿಸುವವರು ‘ಮೊದಲು ಡಿಫೆಂಡರ್ ಆಫ್ ಮಾಡಿ’ ಎನ್ನುತ್ತಾರಲ್ಲ, ಆ ಹೊತ್ತಿನಲ್ಲಿ ಸಿ ಡ್ರೈವ್ ಪೂರ್ತಿ ಈ ಪಟ್ಟಿಗೆ ಸೇರಿಬಿಟ್ಟಿರಬಹುದು. ಆಮೇಲೆ ಎಷ್ಟು ಸ್ಕ್ಯಾನ್ ಮಾಡಿದರೂ ‘ನೋ ಥ್ರೆಟ್ಸ್’. ನೀವು ಹಾಕದ ನಮೂದು ಕಂಡರೆ ತೆಗೆದುಹಾಕಿ.

ನಂತರ ಪ್ರೊಟೆಕ್ಷನ್ ಅಪ್‌ಡೇಟ್ಸ್ ಮಾಡಿಕೊಂಡು ಫುಲ್ ಸ್ಕ್ಯಾನ್ ಹಚ್ಚಿ. ಹಳೆಯ ಹಾರ್ಡ್‌ಡಿಸ್ಕಿನಲ್ಲಿ ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಏನಾದರೂ ಗಂಭೀರವಾದದ್ದು ಸಿಕ್ಕಿದ್ದರೆ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಮಾಡಿ: ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಸುಮಾರು 15 ನಿಮಿಷ ಹುಡುಕುತ್ತದೆ. ಇನ್ನೊಂದು ಅಭಿಪ್ರಾಯಕ್ಕೆ ಮೈಕ್ರೋಸಾಫ್ಟ್ ಸೇಫ್ಟಿ ಸ್ಕ್ಯಾನರ್ ಸಾಕು. ಇಳಿಸಿಕೊಂಡ 10 ದಿನಕ್ಕೆ ಅದರ ಅವಧಿ ಮುಗಿಯುತ್ತದೆ, ಪ್ರತಿ ಸಲ ಹೊಸದನ್ನೇ ತೆಗೆದುಕೊಳ್ಳಿ. ಎರಡು ಆಂಟಿವೈರಸ್ ಒಟ್ಟಿಗೆ ಕೂರಿಸಬೇಡಿ.

ಪೆನ್‌ಡ್ರೈವ್‌ನಲ್ಲಿ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಡಬಲ್ ಕ್ಲಿಕ್ ಮಾಡಬೇಡಿ. ಒಂದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ‘ಟಾರ್ಗೆಟ್’ ಓದಿ: ಫೋಲ್ಡರಿನ ಹೆಸರಿಗೆ ಮೊದಲು ಆದೇಶಗಳನ್ನು ಓಡಿಸುವ ಸಿಎಂಡಿ ಅಥವಾ ಡಬ್ಲ್ಯುಸ್ಕ್ರಿಪ್ಟ್ ಇರುತ್ತದೆ. ನೀವು ಒತ್ತಿದರೆ ಮೊದಲು ವೈರಸ್ ಓಡಿ ಆಮೇಲೆ ಫೋಲ್ಡರ್ ತೆರೆಯುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಆಂಟಿವೈರಸ್ ಈ ಶಾರ್ಟ್‌ಕಟ್‌ಗಳನ್ನು ಅಳಿಸಿದ ಮೇಲೆ ಡ್ರೈವ್ ಖಾಲಿ ಕಾಣುತ್ತದೆ, ‘ಫೈಲೆಲ್ಲ ಹೋದವು’ ಎಂದು ಜನ ಕೂಗುತ್ತಾರೆ. ಹೋಗಿಲ್ಲ, ಅಡಗಿವೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ಸ್ ತೋರಿಸುವಂತೆ ಮಾಡಿ, ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಟಿಕ್ ತೆಗೆಯಿರಿ. ನಿಮ್ಮ ದಾಖಲೆ, ಫೋಟೊಗಳನ್ನು ಮಾತ್ರ ಕಾಪಿ ಮಾಡಿಕೊಂಡು ಡ್ರೈವ್ ಫಾರ್ಮ್ಯಾಟ್ ಮಾಡಿ. ಕಂಪ್ಯೂಟರ್ ಮೊದಲು ಶುದ್ಧವಾಗಿರಬೇಕು, ಇಲ್ಲದಿದ್ದರೆ ಮರುಕ್ಷಣವೇ ಮತ್ತೆ ಹತ್ತುತ್ತದೆ.

ಬಲಗಡೆ ಮೂಲೆಯಲ್ಲಿ ‘ನಿಮ್ಮ ಪಿಸಿಯಲ್ಲಿ 5 ವೈರಸ್’ ಎಂದು ಮೇಲಿಂದ ಮೇಲೆ ಬರುವುದು ಬಹುತೇಕ ಆಂಟಿವೈರಸ್ಸಿನದಲ್ಲ, ಬ್ರೌಸರ್ ನೋಟಿಫಿಕೇಶನ್. ಕ್ರೋಮ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ಗುರುತಿಲ್ಲದ ಸೈಟಿಗೆ ಕೊಟ್ಟ ಅನುಮತಿ ಕಿತ್ತುಹಾಕಿ.

ಪಾಸ್‌ವರ್ಡ್ ಕದಿಯುವ ಟ್ರೋಜನ್ ನಿಜವಾಗಿ ಓಡಿದ್ದರೆ ಅದನ್ನು ಅಳಿಸುವುದಷ್ಟೇ ಸಾಲದು. ಬೇರೆ ಮೊಬೈಲ್‌ನಿಂದ ಜಿಮೇಲ್, ಬ್ಯಾಂಕ್ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಆಗಿ. ನೀವು ಲಾಗಿನ್ ಆಗಿದ್ದೀರಿ ಎಂದು ಬ್ರೌಸರ್ ನೆನಪಿಟ್ಟುಕೊಳ್ಳುವ ಕುಕೀ ಕದ್ದವರಿಗೆ ಪಾಸ್‌ವರ್ಡ್ ಬೇಕಿಲ್ಲ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಆಫ್‌ಲೈನ್ ಸ್ಕ್ಯಾನ್ ನಂತರವೂ ಅದೇ ಹೆಸರು ಮರಳಿ ಬಂದರೆ ಮಾತ್ರ ಫಾರ್ಮ್ಯಾಟ್. ಅಂಗಡಿಗೆ ಕೊಡುವಾಗ ಎರಡು ಮಾತು ಮೊದಲೇ ಹೇಳಿ. ಸಿ ಡ್ರೈವ್ ಮಾತ್ರ ಅಳಿಸಿ ಡಿ ಡ್ರೈವ್‌ನಲ್ಲಿ ಹಳೆಯ ಕ್ರ್ಯಾಕ್ ಫೋಲ್ಡರ್ ಹಾಗೇ ಬಿಡಬಾರದು. ಮತ್ತೆ ಆಕ್ಟಿವೇಟರ್ ಹಾಕಬಾರದು: ಲ್ಯಾಪ್‌ಟಾಪ್ ಅಸಲಿ ವಿಂಡೋಸ್ ಜೊತೆ ಬಂದಿದ್ದರೆ ಅದರ ಲೈಸೆನ್ಸ್ ಯಂತ್ರದಲ್ಲೇ ಇರುತ್ತದೆ, ಅದೇ ಆವೃತ್ತಿ ಹಾಕಿ ಇಂಟರ್ನೆಟ್ ಜೋಡಿಸಿದರೆ ತಾನಾಗಿ ಆಕ್ಟಿವೇಟ್ ಆಗುತ್ತದೆ.