ಎರಡು ಮೀಟರಿನ ಮನೆಯಲ್ಲಿ ಕೂಡಿಕೊಂಡ ನ್ಯೂಟ್ರಲ್: ನನ್ನ ಅನುಭವ

ಎರಡು ಮೀಟರಿನ ನ್ಯೂಟ್ರಲ್ (ಕರೆಂಟು ಹಿಂದಿರುಗುವ ತಂತಿ) ಮನೆಯೊಳಗೆ ಎಲ್ಲಾದರೂ ಸೇರಿಕೊಂಡರೆ ಬಿಲ್ಲು ಏರುತ್ತದೆ ಎಂದು ಕಾಸರಗೋಡಿನ ಪೆರ್ಲ ಪೇಟೆಯಲ್ಲಿ ನಾನು ಹೇಳಿದಾಗ ನಮ್ಮ ವಯರಿಂಗ್ ಕಸುಬಿನವರೇ ಒಪ್ಪಲಿಲ್ಲ. "ನ್ಯೂಟ್ರಲ್ ಎಲ್ಲ ಕಂಬದಲ್ಲಿ ಒಂದೇ ಅಲ್ಲವಾ ಮಾರಾಯ, ಮನೆಯೊಳಗೆ ಸೇರಿದರೆ ಏನಾಗ್ತದೆ?" ಎಂದರು. ಒಂದೇ ಕರೆಂಟಿಗೆ ಎರಡು ಮೀಟರ್ ಓಡುತ್ತದೆ, ಅದೇ ಆಗುವುದು. ಈಗ ಬಿಲ್ಲುಗಳು ಕೈಯಲ್ಲಿರುವುದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮಲ್ಲಿ ಮೂರು ಮೀಟರ್. ಕೆಳಗೆ ನನ್ನದು, ಮಾಳಿಗೆಯಲ್ಲಿ ತಮ್ಮನದು (ಅವನಿಗೆ ಪಂಚಾಯತಿನ ಬೇರೆ ಮನೆ ನಂಬ್ರ ಇದೆ), ಮತ್ತೆ ಅಡಿಕೆ ತೋಟದ ಪಂಪಿಗೆ ಕೃಷಿ ಕನೆಕ್ಷನ್. ತಲೆನೋವು ಇದ್ದದ್ದು ನನ್ನ ಮೀಟರಿನದು. ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲಿನಲ್ಲಿ ಎರಡು ತಿಂಗಳಿಗೆ 500 ಯೂನಿಟ್ ದಾಟಿದರೆ ಮೆಟ್ಟಿಲು ಮೆಟ್ಟಿಲಾದ ದರ ಇಲ್ಲ, ಮೊದಲ ಯೂನಿಟಿನಿಂದಲೇ ಒಂದೇ ದರ ಬೀಳುತ್ತದೆ. ಗಡಿ ದಾಟುವ ಆ ಒಂದು ಯೂನಿಟಿಗೆ ಐನೂರು ರೂಪಾಯಿಯ ಮೇಲೆ ಏಟು. ನನ್ನದು ಪ್ರತಿ ಸಲ 550ರ ಹತ್ತಿರ ಬಂದು ನಾಲ್ಕೂವರೆ ಸಾವಿರ ಆಗುತ್ತಿತ್ತು.

ಮಾಡದ ಪ್ರಯತ್ನ ಇಲ್ಲ. ತಲಾ ಮೂರು ಸಾವಿರದ, ಕಡಿಮೆ ಕರೆಂಟು ಎಳೆಯುವ ಬಿಎಲ್‌ಡಿಸಿ ಫ್ಯಾನ್ ಹಾಕಿದೆ. ಕಡಿಮೆಯಾಯಿತು, ಆದರೆ 500ರ ಕೆಳಗೆ ಇಳಿಯಲಿಲ್ಲ. ಪ್ಲಗ್ಗಿಗೆ ಸಿಕ್ಕಿಸುವ ಪವರ್ ಸೇವರ್ ಡಬ್ಬಿಯನ್ನೂ ಪರೀಕ್ಷೆಗೆಂದು ತಂದು ನೋಡಿದೆ, ಒಂದು ಯೂನಿಟೂ ಉಳಿಯಲಿಲ್ಲ. ನಮ್ಮ ಮೀಟರ್ ಲೆಕ್ಕ ಹಾಕುವುದು ಕಿಲೋವಾಟ್ ಅವರ್, ಒಳಗಿನ ಕೆಪಾಸಿಟರಿನಿಂದ ಅದು ಇಳಿಯುವುದಿಲ್ಲ. ಫೀಸು ಕಟ್ಟಿ ಮೀಟರ್ ಟೆಸ್ಟ್ ಮಾಡಿಸಿದೆ. ಸರಿ ಇದೆ ಎಂದು ಬಂತು. ನಿಜಕ್ಕೂ ಸರಿಯೇ ಇತ್ತು.

ಸುಳಿವು ಸಿಕ್ಕಿದ್ದು ಇಎಲ್‌ಸಿಬಿಯಲ್ಲಿ (ಹೋದ ಕರೆಂಟು, ಹಿಂದಿರುಗಿದ ಕರೆಂಟು ಸಮ ಇಲ್ಲದಿದ್ದರೆ ಲೈನ್ ಕಡಿಯುವ ಸ್ವಿಚ್ಚು). ಹೊಸದು ಹಾಕಿದರೆ ನಿಲ್ಲುವುದೇ ಇಲ್ಲ, ಕೂಡಲೇ ಟ್ರಿಪ್. ಮೊದಲು ವಯರಿಂಗ್ ಮಾಡಿದವರು ಇದೇ ಕಾರಣಕ್ಕೆ ಹಳೆಯದನ್ನು ಬೈಪಾಸ್ ಮಾಡಿ ಹೋಗಿದ್ದರು. ಇದೇ ವ್ಯತ್ಯಾಸ ತೋರಿಸುವ, ಮೀಟರಿನಲ್ಲಿ ಅರ್ತ್ ಎಂದು ಬರೆದ ಪುಟ್ಟ ಕೆಂಪು ದೀಪವೂ ಯಾವಾಗಲೂ ಉರಿಯುತ್ತಿತ್ತು.

ಒಂದು ಸಂಜೆ ನನ್ನ ಸಿಂಗಲ್ ಪೋಲ್ ಎಂಸಿಬಿಗಳನ್ನೆಲ್ಲ (ಫೇಸ್, ಅಂದರೆ ಕರೆಂಟು ಬರುವ ತಂತಿ ಮಾತ್ರ ಕಡಿಯುವ ಸ್ವಿಚ್ಚುಗಳು) ಇಳಿಸಿ, ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ ಡಬಲ್ ಪೋಲ್ ಮೇನ್ ಮಾತ್ರ ಆನ್ ಇಟ್ಟು, ಟಾರ್ಚ್ ಹಿಡಿದು ಮೀಟರಿನ ಎದುರು ನಿಂತೆ. ಮೇಲೆ ತಮ್ಮನ ಹೆಂಡತಿ ಇಸ್ತ್ರಿಪೆಟ್ಟಿಗೆ ಹಾಕಿದ್ದೇ ತಡ, ನನ್ನ ಮೀಟರಿನ ಪಲ್ಸ್ ದೀಪ ಮಿನುಗತೊಡಗಿತು. ನಮ್ಮ ಮೀಟರಿಗೆ ಯೂನಿಟಿಗೆ 3200 ಪಲ್ಸ್. ನಿಮಿಷಕ್ಕೆ 25ರ ಸುಮಾರು ಬಂತು, ಅಂದರೆ ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆಯ ಅರ್ಧ. ನನ್ನ ಮನೆಯಲ್ಲಿ ಒಂದು ಬಲ್ಬೂ ಉರಿಯುತ್ತಿರಲಿಲ್ಲ!

ಈ ಮೀಟರುಗಳು ಫೇಸ್ ಮತ್ತು ನ್ಯೂಟ್ರಲ್ ಎರಡರಲ್ಲೂ ಕರೆಂಟ್ ನೋಡಿ, ಹೆಚ್ಚಿರುವುದನ್ನು ಹಿಡಿಯುತ್ತವೆ. ಕಳ್ಳತನ ತಡೆಯಲು ಇರುವ ವ್ಯವಸ್ಥೆ ಅದು. ಮಾಳಿಗೆಯ ಕರೆಂಟು ಹಿಂದಿರುಗುವಾಗ ಅರ್ಧ ನನ್ನ ನ್ಯೂಟ್ರಲಿನಲ್ಲಿ ಬಂದರೆ ನನ್ನ ಮೀಟರ್ ಓಡುತ್ತದೆ. ತಮ್ಮನ ಮೀಟರ್ ತನ್ನ ಫೇಸಿನ ಲೆಕ್ಕ ಪೂರ್ತಿ ಬರೆಯುತ್ತದೆ. ನನ್ನ ಲೋಡ್ ಹೆಚ್ಚಿದ್ದಾಗ ಇದೇ ಉಲ್ಟಾ.

ಎರಡು ನ್ಯೂಟ್ರಲ್ ಸೇರಿದ ಜಾಯಿಂಟ್ ಎಲ್ಲಿ? ಮೆಟ್ಟಿಲಿನ ಟೂ ವೇ ದೀಪಕ್ಕೆ ಫೇಸ್ ಕೆಳಗಿನಿಂದ, ನ್ಯೂಟ್ರಲ್ ಮೇಲಿನಿಂದ. ಅದನ್ನು ಸರಿ ಮಾಡಿದೆ, ಅರ್ತ್ ದೀಪ ಆರಲಿಲ್ಲ. ಇಲ್ಲಿಗೆ ಎಲ್ಲರೂ "ಬಿಡು" ಎಂದರು. ನಾನು ಬಿಡಲಿಲ್ಲ. ದೊಡ್ಡ ಜಾಯಿಂಟ್ ಇನ್ವರ್ಟರಿನಲ್ಲಿತ್ತು. ನನ್ನ ಇನ್ವರ್ಟರಿನಿಂದ ಮಾಳಿಗೆಯ ಎರಡು ಕೋಣೆಗೆ ಲೈನ್ ಕೊಟ್ಟವರು ಅದರ ನ್ಯೂಟ್ರಲನ್ನು ಅಲ್ಲಿಯ ಬಾಕ್ಸಿನಲ್ಲೇ ಮಾಳಿಗೆಯ ನ್ಯೂಟ್ರಲಿಗೆ ಸೇರಿಸಿದ್ದರು. ಗೋಡೆ ಒಡೆಯದೆ ಅದನ್ನು ಹುಡುಕಿದ ಕ್ರಮವನ್ನು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಹೊಟ್ಟೆಪಾಡು. ಮಾಳಿಗೆಯನ್ನು ನನ್ನ ಇನ್ವರ್ಟರಿನಿಂದ ಪೂರ್ತಿ ಬಿಡಿಸಿದೆ. ಕೆಂಪು ದೀಪ ಆರಿತು, ಇಎಲ್‌ಸಿಬಿ ಟ್ರಿಪ್ ಆಗದೆ ನಿಂತಿತು. ನೀವು ಮಾಡುವಾಗ ಎರಡೂ ಮನೆಯ ಮೇನ್ ಇಳಿಸಿ, ಇನ್ವರ್ಟರನ್ನೂ ಆಫ್ ಮಾಡಿಯೇ ಬಾಕ್ಸಿಗೆ ಕೈಹಾಕಿ. ಕೂಡಿಕೊಂಡ ನ್ಯೂಟ್ರಲ್ ಬಿಚ್ಚಿದಾಗ ಪಕ್ಕದ ಮನೆಯ ಕರೆಂಟು ಹೊಡೆಯುತ್ತದೆ.

ಎರಡು ಇಎಲ್‌ಸಿಬಿ, ಒಂದು ಕಾಯಿಲ್ ವಯರ್, ಚಿಲ್ಲರೆ ಸೇರಿ ಏಳೆಂಟು ಸಾವಿರ ಹೋಯಿತು. ನನ್ನ ರೀಡಿಂಗ್ 460ರ ಆಸುಪಾಸಿಗೆ ಇಳಿದು ಬಿಲ್ಲು ಮೂರು ಸಾವಿರಕ್ಕೆ ಬಂತು. ತಮ್ಮನದು 310ರಿಂದ 210ಕ್ಕೆ. ನಾಲ್ಕು ಬಿಲ್ಲಿನಲ್ಲಿ ಹಾಕಿದ ಹಣ ಬಂದಾಯಿತು. ಆಗ ನಂಬದವರಲ್ಲಿ ಇಬ್ಬರು ಈಗ ನನ್ನನ್ನೇ ಕರೆಯುತ್ತಾರೆ.

ಕೃಷಿ ಲೈನಿನಿಂದ ಮನೆಗೆ ಎಳೆ ಎಂದು ಬುದ್ಧಿ ಹೇಳಿದವರೂ ಇದ್ದರು. ಅದು ಬೇಡವೇ ಬೇಡ. 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನಿನಲ್ಲಿ ಸಿಕ್ಕಿಬಿದ್ದರೆ ದರದ ಎರಡು ಪಟ್ಟು ಕಟ್ಟಬೇಕು.

ಅದರ ಬದಲು ಗುಡ್ಡದಲ್ಲಿ ನೀರಿಗೆಂದು ಅಡ್ಡ ಕೊರೆದ ಸುರಂಗದ ಹೂಳು ತೆಗೆಸಿ, ಅಲ್ಲಿಯ ನೀರನ್ನು ಪೈಪಿನಲ್ಲಿ ಮಾಳಿಗೆಯ ಟ್ಯಾಂಕಿಗೆ ಇಳಿಸಿದೆ. ಮೊದಲು ನೀರು ಬರಲೇ ಇಲ್ಲ, ನಡುವೆ ಪೈಪ್ ಎದ್ದ ಜಾಗದಲ್ಲಿ ಗಾಳಿ ಕಟ್ಟಿತ್ತು. ಅಲ್ಲಿ ಒಂದು ಟಿ ಹಾಕಿ, ಕೊಳವೆ ನಿಲ್ಲಿಸಿ ಗಾಳಿ ಬಿಟ್ಟ ಮೇಲೆ ಹರಿಯಿತು. ಮನೆಯ ಅರ್ಧ ಎಚ್‌ಪಿ ಮೋಟರ್ ಈಗ ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಓಡುತ್ತದೆ. ಉಳಿದ ಬಿಲ್ಲುಗಳಲ್ಲಿ ಇನ್ನೊಂದು 25–30 ಯೂನಿಟ್ ಕಡಿಮೆ.